ಸೆಕೆಂಡ್ ಹ್ಯಾಂಡ್ ಫಾರ್ಚುನರ್: ಕೊಳ್ಳುವ ಬೆಲೆ ಒಂದು, ಸಾಕುವ ಬೆಲೆ ಇನ್ನೊಂದು

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನೋ ಮಾತಿಗೆ ನಮ್ಮ ರಸ್ತೆಗಳಲ್ಲಿ ಉದಾಹರಣೆ ಬೇಕಾದರೆ ಟೊಯೋಟಾ ಫಾರ್ಚುನರ್ ನೋಡಬೇಕು. ಬಿಡದಿಯ ಕಾರ್ಖಾನೆ ಬಿಟ್ಟು ಎಂಟು ವರ್ಷ ಆಗಿರಲಿ, ಒಂದೂವರೆ ಲಕ್ಷ ಕಿ.ಮೀ. ಓಡಿರಲಿ, ಮಾರುವವನು ಬೆಲೆ ಹೇಳುವಾಗ ದನಿ ತಗ್ಗಿಸುವುದಿಲ್ಲ. ಕೊಳ್ಳುವವನು ಎಡವುವುದೂ ಇಲ್ಲೇ. ಮಾರ್ಕೆಟ್‌ನಲ್ಲಿ ಬೆಲೆ ನಿಂತಿರುವುದು ಹೆಸರಿನ ಮೇಲೆ. ಚೆನ್ನಾಗಿ ಸಾಕಿದ ಗಾಡಿಗೂ ಹಿಂಡಿ ಹಿಪ್ಪೆ ಮಾಡಿದ ಗಾಡಿಗೂ ನಡುವೆ ಕೇಳುವ ಬೆಲೆಯಲ್ಲಿ ಒಂದೋ ಎರಡೋ ಲಕ್ಷದ ವ್ಯತ್ಯಾಸ, ರಿಪೇರಿ ಬಿಲ್ಲಿನಲ್ಲಿ ನಾಲ್ಕೈದು ಲಕ್ಷದ್ದು. ಹಾಗಾಗಿ ವರ್ಷ, ಬಣ್ಣ, ಅಲಾಯ್ ನೋಡಿ ಆರಿಸುವುದಕ್ಕಿಂತ ಗಾಡಿಯ ಚರಿತ್ರೆ ನೋಡಿ ಆರಿಸುವುದೇ ಸರಿ. ಎರಡು ವರ್ಷ ಹಳೆಯದಾದರೂ ದಾಖಲೆ ಪೂರ್ತಿ ಇರುವ ಗಾಡಿ, ದಾಖಲೆಯಿಲ್ಲದ ಹೊಸ ಗಾಡಿಗಿಂತ ಅಗ್ಗವಾಗಿ ಬೀಳುತ್ತದೆ.

ಈಗ ಸೆಕೆಂಡ್ಸ್‌ನಲ್ಲಿ ಸಿಗುವವು ಮೂರು ಬಗೆ. 2009ರಿಂದ 2016ರವರೆಗಿನ ಮೊದಲ ತಲೆಮಾರು: 3.0 ಲೀಟರ್ ಡೀಸೆಲ್, 171 ಪಿಎಸ್, ಹಿಂದಿನ ಬ್ರೇಕ್ ಡ್ರಮ್. ಇದರ 4×4ನಲ್ಲಿ ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುತ್ತದೆ. ಎರಡೇ ಚಕ್ರಕ್ಕೆ ಶಕ್ತಿ ಹೋಗುವ 4×2 ಮತ್ತು ಆಟೋಮ್ಯಾಟಿಕ್ ಬಂದದ್ದು 2012ರಲ್ಲಿ. 2016ರ ನವೆಂಬರ್‌ನಲ್ಲಿ ಬಂದ ಎರಡನೇ ತಲೆಮಾರು: 2.8 ಲೀಟರ್, 177 ಪಿಎಸ್, 6 ಗೇರಿನ ಮ್ಯಾನ್ಯುಯಲ್ ಅಥವಾ ಆಟೋಮ್ಯಾಟಿಕ್. ಟಾರ್ಕ್ ಮ್ಯಾನ್ಯುಯಲ್‌ನಲ್ಲಿ 420, ಆಟೋಮ್ಯಾಟಿಕ್‌ನಲ್ಲಿ 450 ನ್ಯೂಟನ್ ಮೀಟರ್. 2021ರ ಜನವರಿಯ ಫೇಸ್‌ಲಿಫ್ಟ್‌ನಲ್ಲಿ ಅದೇ ಇಂಜಿನ್ 204 ಪಿಎಸ್‌ಗೆ, ಆಟೋಮ್ಯಾಟಿಕ್‌ನ ಟಾರ್ಕ್ 500ಕ್ಕೆ ಏರಿತು. ಲೆಜೆಂಡರ್ ಅನ್ನುವ ಇನ್ನೊಂದು ರೂಪ ಬಂದದ್ದೂ ಆಗಲೇ. 2.7 ಪೆಟ್ರೋಲ್ ಕೂಡ ಇದೆ. ಕೊಳ್ಳುವಾಗ ಅಗ್ಗ, ಆದರೆ ಪಟ್ಟಣದೊಳಗೆ ಲೀಟರ್‌ಗೆ ಏಳೆಂಟು ಕಿ.ಮೀ. ದಾಟುವುದು ಕಷ್ಟ. ವರ್ಷಕ್ಕೆ 7-8 ಸಾವಿರ ಕಿ.ಮೀ. ಒಳಗೆ ಓಡಿಸುವವರು ಮಾತ್ರ ಅದರ ಕಡೆ ನೋಡಬಹುದು.

ಹೆಚ್ಚಿನವರಿಗೆ ಒಪ್ಪುವುದು 2017ರಿಂದ 2019ರ ನಡುವಿನ 2.8 ಡೀಸೆಲ್ 4×2 ಆಟೋಮ್ಯಾಟಿಕ್. ಅದು ಬಿಎಸ್4, ಅಂದರೆ ಹಿಂದಿನ ಹೊಗೆ ನಿಯಮದ ಗಾಡಿ. ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಖರ್ಚಿಲ್ಲ. ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತದೆ. 4×4 ಬೇಕು ಅನ್ನುವವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಮಳೆಗಾಲದಲ್ಲಿ ತೋಟದ ಮಣ್ಣು ದಾರಿ ಹತ್ತುವುದಿದೆಯೇ? ಇಲ್ಲದಿದ್ದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಮುಂದಿನ ಆಕ್ಸಲ್‌ಗಳನ್ನು ಸುಮ್ಮನೆ ಹೊತ್ತು ತಿರುಗಿ, ಅವುಗಳ ಆಯಿಲ್‌ಗೂ ದುಡ್ಡು ಕೊಟ್ಟಂತೆ.

3.0 ಲೀಟರ್ ಗಾಡಿ ನೋಡುವವರು ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ವಿಚಾರ ತಿಳಿಯದೆ ಅಡ್ವಾನ್ಸ್ ಕೊಡಬಾರದು. ಈ 1ಕೆಡಿ ಇಂಜಿನ್‌ನಲ್ಲಿ ಇಂಜೆಕ್ಟರ್ ಕೂರುವ ಜಾಗದಲ್ಲಿ ಒಂದು ಪುಟ್ಟ ತಾಮ್ರದ ವಾಷರ್ ಇರುತ್ತದೆ. ಅದು ಸವೆದು ಸೀಲ್ ಬಿಟ್ಟರೆ ದಹನದ ಹೊಗೆ ವಾಲ್ವ್ ಕವರ್ ಒಳಗೆ ನುಗ್ಗಿ ಆಯಿಲನ್ನು ಸುಡುತ್ತದೆ. ಸುಟ್ಟ ಆಯಿಲ್ ಡಾಂಬರಿನಂತಾಗಿ ಕೆಳಗಿಳಿದು ಸಂಪ್‌ನಲ್ಲಿ (ಇಂಜಿನ್ ಅಡಿಯ ಆಯಿಲ್ ತೊಟ್ಟಿಯಲ್ಲಿ) ಆಯಿಲ್ ಹೀರುವ ಜಾಲರಿಯನ್ನು ಮುಚ್ಚುತ್ತದೆ. ಆಮೇಲೆ ಆಯಿಲ್ ಪ್ರೆಶರ್ ದೀಪ ಹತ್ತುವ ಹೊತ್ತಿಗೆ ಕ್ರ್ಯಾಂಕ್ ಬೇರಿಂಗ್ ಹೋಗಿರುತ್ತದೆ. ಮೂಲದಲ್ಲಿ ಕೆಲವು ನೂರು ರೂಪಾಯಿಯ ವಾಷರ್, ಕೊನೆಗೆ ಇಂಜಿನ್ ಬಿಚ್ಚುವ ಕೆಲಸ.

ಇದನ್ನು ಹಿಡಿಯುವುದು ಹೀಗೆ. ನೋಡಲು ಹೋಗುವ ಮುಂಚೆಯೇ ಮಾರುವವರಿಗೆ ಫೋನ್ ಮಾಡಿ, ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅನ್ನಿ. ಹೋದ ಕೂಡಲೆ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಬಿಸಿ ಮಾಡಿ ಇಟ್ಟಿದ್ದಾರೆ ಅಂತಲೇ ತಿಳಿಯಿರಿ. ತಣ್ಣನೆ ಸ್ಟಾರ್ಟ್‌ನಲ್ಲಿ ಟಕ್ ಟಕ್ ಅನ್ನುವ ಗಡಸು ಸದ್ದು ಒಂದು ನಿಮಿಷ ದಾಟಿಯೂ ನಿಲ್ಲದಿದ್ದರೆ ಅನುಮಾನ ಪಡಬೇಕು. ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ ನೋಡಿ: ಸಣ್ಣಗೆ ಆವಿ ಆಡುವುದು ಸಹಜ, ಬುಸಬುಸನೆ ಹೊಗೆ ತಳ್ಳುವುದು ಅಲ್ಲ. ಮುಚ್ಚಳದ ಅಡಿಗೆ ಬೆರಳು ಹಾಕಿದರೆ ಕಪ್ಪು ಎಣ್ಣೆ ಹತ್ತಲಿ, ಪರವಾಗಿಲ್ಲ. ಅಂಟಂಟಾದ ಮೇಣ ಹತ್ತಿದರೆ ಅಲ್ಲಿಂದ ಎದ್ದು ಬರಬಹುದು. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜೊತೆಗಿದ್ದರೆ ಇಂಜೆಕ್ಷನ್ ಫೀಡ್‌ಬ್ಯಾಕ್, ಅಂದರೆ ಪ್ರತಿ ಸಿಲಿಂಡರ್‌ಗೆ ಡೀಸೆಲ್ ಎಷ್ಟು ಹೆಚ್ಚುಕಡಿಮೆ ಹೋಗುತ್ತಿದೆ ಅನ್ನುವ ಲೆಕ್ಕ ತೆಗೆಸಿ. ನಾಲ್ಕೂ ಸಿಲಿಂಡರ್‌ಗಳ ಸಂಖ್ಯೆ ಸೊನ್ನೆಯ ಆಸುಪಾಸು ಇರಬೇಕು; ಮೂರು ಒಂದು ಕಡೆ ಇದ್ದು ಒಂದು ಮಾತ್ರ 3 ದಾಟಿ ನಿಂತಿದ್ದರೆ ಆ ಇಂಜೆಕ್ಟರ್‌ಗೆ ಕಾಲ ಬಂದಿದೆ. ನಾಲ್ಕೂ ಹೊಸದು ಹಾಕಿಸಿದರೆ ಲಕ್ಷದ ಮೇಲೆ ಹೋಗುತ್ತದೆ, ಅದನ್ನು ಬೆಲೆಯಲ್ಲೇ ಕಳೆಯಿರಿ. ಇದೇ ಇಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ. ಒಂದರಿಂದ ಒಂದೂವರೆ ಲಕ್ಷ ಕಿ.ಮೀ. ನಡುವೆ ಬದಲಿಸಬೇಕಾದದ್ದು. ಬದಲಿಸಿದ ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ.

2.8 ಲೀಟರ್‌ನ 1ಜಿಡಿ ಇಂಜಿನ್‌ಗೆ ಈ ರೋಗ ಇಲ್ಲ. ಅದರ ತೊಂದರೆ ಮಸಿ. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ತಿರುಗಿಸುವ ಇಜಿಆರ್ ಮತ್ತು ಗಾಳಿ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಮಸಿ ಕಟ್ಟಿ ಪಿಕಪ್ ಮಂಕಾಗುತ್ತದೆ. ಬಿಚ್ಚಿ ತೊಳೆಸಿದರೆ ಸರಿಹೋಗುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಸೇರಿಕೊಂಡಿದೆ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷದ ಸರಾಗ ಓಟ ಬೇಕು. ಮನೆಯಿಂದ ಮೂರು ಕಿ.ಮೀ. ದೂರದ ಆಫೀಸಿಗೆ, ಸ್ಕೂಲಿಗೆ ಓಡಿದ ಗಾಡಿಯಲ್ಲಿ ಆ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಚಿಮ್ಮಿಸಿದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮೇಲಿನ ಗೆರೆಯನ್ನೂ ದಾಟಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಅದು ಈ ಕಥೆ. "ಬರೀ 30 ಸಾವಿರ ಕಿ.ಮೀ. ಸಾರ್, ಸಿಟಿ ಬಿಟ್ಟು ಹೊರಗೇ ಹೋಗಿಲ್ಲ" ಅನ್ನುವ ಗಾಡಿಗೆ ಹೆಚ್ಚು ಕೊಡಲು ಹೊರಡುವವರು ಇದನ್ನು ನೆನಪಿಡಬೇಕು.

ಟೆಸ್ಟ್ ಡ್ರೈವ್‌ನಲ್ಲಿ ಮ್ಯೂಸಿಕ್ ಆಫ್, ಎಸಿ ಆಫ್, ಕಿಟಕಿ ಅರ್ಧ ಇಳಿಸಿ. ನಿಧಾನಕ್ಕೆ ಬಂದು ಸಿಗ್ನಲ್‌ನಲ್ಲಿ ನಿಂತ ಮೇಲೆ ಹಿಂದಿನಿಂದ ಯಾರೋ ಮೆಲ್ಲಗೆ ತಟ್ಟಿದ ಹಾಗೆ 'ಠಕ್' ಅಂದರೆ ಹೆದರಬೇಡಿ. ಅದು ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಸ್ಲಿಪ್ ಯೋಕ್ (ಜಾರುವ ಕೀಲು) ಒಣಗಿರುವ ಸದ್ದು. ನಿಪ್ಪಲ್‌ಗೆ ಗ್ರೀಸ್ ಗನ್ ಹಿಡಿದರೆ ಮುಗಿಯಿತು. ಆದರೆ ಒಂದು ಮಾತು: ಅಷ್ಟು ಅಗ್ಗದ ಗ್ರೀಸ್ ಕೂಡ ಹಾಕಿಸದವನು ಗೇರ್ ಆಯಿಲ್ ಬದಲಿಸಿರುತ್ತಾನೆಯೇ? 80ರ ವೇಗದಿಂದ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಸೊಟ್ಟಗಾಗಿದೆ. ಸ್ಪೀಡ್ ಬ್ರೇಕರ್ ಇಳಿದ ಮೇಲೆ ಗಾಡಿ ಎರಡು ಮೂರು ಸಲ ತೂಗಿದರೆ ಶಾಕ್ ಅಬ್ಸಾರ್ಬರ್ ಮುಗಿದಿವೆ. 80 ಸಾವಿರದಿಂದ ಲಕ್ಷ ಕಿ.ಮೀ. ಒಳಗೆ ಇದು ಬರುವಂಥದ್ದೇ, ಜೊತೆಗೆ ಲೋವರ್ ಆರ್ಮ್ ಬುಷ್, ಸ್ಟೆಬಿಲೈಸರ್ ಲಿಂಕ್. ಆಟೋಮ್ಯಾಟಿಕ್ ಆದರೆ ತಣ್ಣಗಿರುವಾಗ ರಿವರ್ಸ್‌ಗೆ ಹಾಕಿ: ಒಂದು ಸೆಕೆಂಡ್ ಒಳಗೆ ಹಿಡಿಯಬೇಕು, ಒದೆಯಬಾರದು. ಈ ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬಾಳುತ್ತದೆ ಅನ್ನುವುದನ್ನು ನಂಬಬೇಡಿ. 80 ಸಾವಿರ ಕಿ.ಮೀ.ಗೆ ಬದಲಿಸುವುದು ಒಳ್ಳೆಯದು, ಅದೂ ಮಷಿನ್ ಹಾಕಿ ಪೂರ್ತಿ ತೊಳೆಯದೆ ಎರಡು ಸಲ ಇಳಿಸಿ ತುಂಬಿಸುವ ಕ್ರಮದಲ್ಲಿ.

ಎರಡನೇ ತಲೆಮಾರಿನ 4×4 ನೋಡುತ್ತಿದ್ದರೆ ಒದ್ದೆ ಮಣ್ಣಿನ ಮೇಲೆ 2ಎಚ್ (ಎರಡು ಚಕ್ರ), 4ಎಚ್ (ನಾಲ್ಕು ಚಕ್ರ), 4ಎಲ್ (ನಾಲ್ಕು ಚಕ್ರ, ನಿಧಾನದ ಗೇರ್) ಮೂರನ್ನೂ ಹಾಕಿ ತೆಗೆಯಿರಿ. 4ಎಲ್‌ಗೆ ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಹಾಕಬೇಕು. ದೀಪ ಮಿಣುಕುತ್ತಲೇ ಇದ್ದರೆ ಆಕ್ಚುಯೇಟರ್ ಅಂಟಿಕೊಂಡಿದೆ. ವರ್ಷಗಟ್ಟಲೆ ಒಮ್ಮೆಯೂ ಆ ಗುಂಡಿ ಮುಟ್ಟದ ನಗರದ ಗಾಡಿಗಳಲ್ಲಿ ಇದು ಹೆಚ್ಚು, ಘಟ್ಟದ ಗಾಡಿಗಳಲ್ಲಿ ಕಡಿಮೆ. ವಿಚಿತ್ರ ಆದರೂ ನಿಜ.

ಗಾಡಿ ಎಲ್ಲಿ ಬಾಳಿತು ಅನ್ನುವುದು ಎಷ್ಟು ಓಡಿತು ಅನ್ನುವುದಕ್ಕಿಂತ ಹೆಚ್ಚು ಹೇಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಗಾಡಿಯಾದರೆ ಲಿಫ್ಟ್ ಮೇಲೆ ಏರಿಸಿ ಲ್ಯಾಡರ್ ಫ್ರೇಮ್‌ನ ಬೆಸುಗೆ ಜಾಗ, ಬ್ರೇಕ್ ಪೈಪ್, ಸ್ಟೆಪ್ನಿ ಇಳಿಸುವ ಸರಪಳಿ ನೋಡಿ. ಕಪ್ಪು ಅಂಡರ್‌ಕೋಟ್ ಹೊಸದಾಗಿ ಬಳಿದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ. ಗಟ್ಟಿ ಲೋಹದ ಸದ್ದು ಬರಬೇಕು. ಸಂಡೂರು, ಹೊಸಪೇಟೆ ಕಡೆಯದಾದರೆ ಏರ್ ಫಿಲ್ಟರ್ ಡಬ್ಬಿ ತೆಗೆದು ಫಿಲ್ಟರ್ ಆಚೆಯ ಪೈಪ್ ಒಳಗೆ ಬೆರಳಾಡಿಸಿ. ಅಲ್ಲಿ ಕೆಂಪು ಅದಿರಿನ ಧೂಳು ಸಿಕ್ಕರೆ ಅದು ಟರ್ಬೋವನ್ನೂ ಪಿಸ್ಟನ್ ರಿಂಗನ್ನೂ ಉಜ್ಜಿರುತ್ತದೆ. ಸಕಲೇಶಪುರ, ಮಡಿಕೇರಿಯ ತೋಟದ ಗಾಡಿಯ ಹೊಟ್ಟೆಯಲ್ಲಿ ಗೀಚು ಇರುವುದು ಸಹಜ. ಡಿಫರೆನ್ಷಿಯಲ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಹೊಕ್ಕಿದೆ ಅಂತ ಅರ್ಥ.

ರಾಜಕಾರಣದ ಗಾಡಿಗಳದ್ದು ಬೇರೆಯೇ ಲೋಕ. ಸಾಹೇಬರು ಒಳಗೆ ಮೀಟಿಂಗ್‌ನಲ್ಲಿ, ಗಾಡಿ ಹೊರಗೆ ಎಸಿ ಹಾಕಿಕೊಂಡು ಮೂರು ಗಂಟೆ ಐಡಲ್‌ನಲ್ಲಿ. ಮೀಟರ್ 70 ಸಾವಿರ ತೋರಿಸುತ್ತದೆ, ಇಂಜಿನ್ ದುಡಿದದ್ದು ಅದರ ಎರಡರಷ್ಟಾದರೂ. ಡ್ರೈವರ್ ಸೀಟಿನ ಬಲ ಅಂಚು ಕುಸಿದು, ಹಿಂದಿನ ಎಡ ಸೀಟು ನಯವಾಗಿ ಸವೆದು, ಬಂಪರ್ ಮೇಲೆ ಬಾವುಟ ಕಂಬದ ತೂತು ಮುಚ್ಚಿದ ಗುರುತಿದ್ದರೆ ಗಾಡಿಯ ಹಿಂದಿನ ಜನ್ಮ ಗೊತ್ತಾಗುತ್ತದೆ. ಮೀಟರ್ ತಿರುಗಿಸಿದ್ದಾರೆಯೇ ಅನ್ನುವುದಕ್ಕೆ ಡ್ಯಾಶ್‌ಬೋರ್ಡ್ ನಂಬದೆ ಅಧಿಕೃತ ಸರ್ವಿಸ್ ಸೆಂಟರ್‌ನ ದಾಖಲೆ ತೆಗೆಸಿ. ಪ್ರತಿ ಸಲ ಗಾಡಿ ಒಳಗೆ ಬಂದಾಗಿನ ಕಿ.ಮೀ. ಅಲ್ಲಿರುತ್ತದೆ. 2021ರಲ್ಲಿ 98 ಸಾವಿರ, 2024ರಲ್ಲಿ 76 ಸಾವಿರ ಅಂತ ಕಂಡರೆ ಮುಂದೆ ಮಾತೇ ಬೇಡ.

ಪ್ರವಾಹದ ಗಾಡಿಗಳೂ ಚಲಾವಣೆಯಲ್ಲಿವೆ. 2015 ಮತ್ತು 2023ರ ಚೆನ್ನೈ, 2018ರ ಕೇರಳ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮುಳುಗಿದವು ಎಲ್ಲಿಗೆ ಹೋದವು ಅಂತ ಯಾರೂ ಕೇಳುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಕಾರ್ ತೊಳೆಯುವವರು ಅಲ್ಲಿಗೆ ಕೈ ಹಾಕುವುದಿಲ್ಲ. ಕೆಳಗಿನ ಅರ್ಧದಲ್ಲಿ ಅಡ್ಡಡ್ಡ ಕೆಸರು ಗೆರೆ ಉಳಿದಿರುತ್ತದೆ. ಡ್ಯಾಶ್ ಅಡಿಯ ವೈರ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಇದ್ದರೂ ಅಷ್ಟೇ. ಇಂಥ ಗಾಡಿ ಅರ್ಧ ಬೆಲೆಗೆ ಬಂದರೂ ಬೇಡ.

ಇನ್ನು ದೆಹಲಿ ಗಾಡಿ. ಅಲ್ಲಿ ಡೀಸೆಲ್‌ಗೆ ಹತ್ತು ವರ್ಷದ ಮಿತಿಯ ಭಯದಿಂದ ಬೆಲೆ ಇಳಿಯುತ್ತದೆ, ಬ್ರೋಕರ್‌ಗಳು ಇಲ್ಲಿಗೆ ತಂದು ಮೂರು ನಾಲ್ಕು ಲಕ್ಷ ಕಡಿಮೆಗೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ 18%, ಅದರ ಮೇಲೆ 11% ಸೆಸ್, ಒಟ್ಟು ಹತ್ತಿರ ಹತ್ತಿರ 20%. ಹೊರರಾಜ್ಯದ ಗಾಡಿಗೆ ವಯಸ್ಸಿನ ಪ್ರಕಾರ ಇದು ಇಳಿಯುತ್ತದೆ, ಆದರೆ ನಿಧಾನವಾಗಿ: 5 ವರ್ಷ ದಾಟಿ 6 ತುಂಬದ ಗಾಡಿಗೆ ಪೂರ್ತಿ ತೆರಿಗೆಯ 69%, 9ರಿಂದ 10ಕ್ಕೆ 49%. ಅಂದು 30 ಲಕ್ಷ ಇನ್‌ವಾಯ್ಸ್ ಇದ್ದ, ಈಗ ಐದೂವರೆ ವರ್ಷದ ಫಾರ್ಚುನರ್‌ಗೆ ಕಟ್ಟಬೇಕಾದದ್ದು ಸುಮಾರು 4.14 ಲಕ್ಷ. ಗಮನಿಸಿ, ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಹೊಸದರ ಬೆಲೆಯ ಮೇಲೆ. ಮೂಲ ರಾಜ್ಯದಿಂದ ಮರುಪಾವತಿ ಬರಬಹುದು, ಓಡಾಡಿ ಅರ್ಜಿ ಹಾಕಿದರೆ. ಜೊತೆಗೆ ಅಲ್ಲಿನ ಆರ್‌ಟಿಒ ಎನ್‌ಒಸಿಗೆ ಫಾರ್ಂ 28, ಇಲ್ಲಿ ಹೊಸ ನಂಬರ್‌ಗೆ ಫಾರ್ಂ 27. ಪುದುಚೇರಿ ನಂಬರ್‌ನ ಗಾಡಿಗೂ ಇದೇ ಪಾಠ. ಕೆಎ ನಂಬರ್ ಆದರೆ ಫಾರ್ಂ 29, 30 ಮತ್ತು ಸಣ್ಣ ವರ್ಗಾವಣೆ ಶುಲ್ಕ, ಅಷ್ಟೇ. ಸಾಲ ಇದ್ದ ಗಾಡಿಯಾದರೆ ಫಾರ್ಂ 35 ಮತ್ತು ಬ್ಯಾಂಕ್ ಪತ್ರ ಕೈಗೆ ಬರದೆ ಪೂರ್ತಿ ದುಡ್ಡು ಕೊಡಬಾರದು.

ಈಗ ಸಾಕುವ ಖರ್ಚು. 25 ಲಕ್ಷಕ್ಕೆ ಒಂದು 2.8 ಆಟೋಮ್ಯಾಟಿಕ್ ಕೊಂಡು, ಅದರಲ್ಲಿ 15 ಲಕ್ಷ ಸಾಲ, 12% ಬಡ್ಡಿ, ನಾಲ್ಕು ವರ್ಷ ಅಂದುಕೊಳ್ಳಿ. ಕಂತು 39,500 ರೂ. ಸುಮಾರು, ನಾಲ್ಕು ವರ್ಷದ ಬಡ್ಡಿಯೇ 3.96 ಲಕ್ಷ, ಅಂದರೆ ವರ್ಷಕ್ಕೆ 99 ಸಾವಿರ. ನಾಲ್ಕು ವರ್ಷದ ಮೇಲೆ 18 ಲಕ್ಷಕ್ಕೆ ಮಾರಿದರೆ ಬೆಲೆ ಕುಸಿತ ವರ್ಷಕ್ಕೆ 1.75 ಲಕ್ಷ. ವರ್ಷಕ್ಕೆ 15 ಸಾವಿರ ಕಿ.ಮೀ., ಲೀಟರ್‌ಗೆ 11, ಡೀಸೆಲ್ 90 ರೂ. ಹಿಡಿದರೆ 1.23 ಲಕ್ಷ. ಫುಲ್ ಇನ್ಶೂರೆನ್ಸ್ 60 ಸಾವಿರದ ಆಸುಪಾಸು. 10 ಸಾವಿರ ಕಿ.ಮೀ.ಗೊಮ್ಮೆ ಮಾಡಿಸುವ ಸರ್ವಿಸ್, ಸಣ್ಣದು ದೊಡ್ಡದು ಸೇರಿ ಸರಾಸರಿ 30 ಸಾವಿರ. 265/60 ಆರ್18 ಟೈರ್ ಒಂದಕ್ಕೆ 18 ಸಾವಿರ, ಸೆಟ್ 72 ಸಾವಿರ, 45 ಸಾವಿರ ಕಿ.ಮೀ. ಬಂದರೆ ವರ್ಷದ ಪಾಲು 24 ಸಾವಿರ. ಶಾಕ್, ಬುಷ್, ಡಿಸ್ಕ್, ಬ್ಯಾಟರಿಗೆ 40 ಸಾವಿರ ಎತ್ತಿಡಿ. ಎಲ್ಲ ಕೂಡಿದರೆ 5.51 ಲಕ್ಷ, ತಿಂಗಳಿಗೆ 46 ಸಾವಿರ, ಕಿ.ಮೀ.ಗೆ 36-37 ರೂಪಾಯಿ.

ಇದರಲ್ಲಿ ಅರ್ಧ ಬಡ್ಡಿ ಮತ್ತು ಬೆಲೆ ಕುಸಿತ. ಪೆಟ್ರೋಲ್ ಬಂಕ್‌ನಲ್ಲೂ ಗ್ಯಾರೇಜ್‌ನಲ್ಲೂ ಕಾಣದ ದುಡ್ಡು ಅದು. ಫಾರ್ಚುನರ್ ರೀಸೇಲ್ ಚೆನ್ನಾಗಿದೆ ಅಂತ ಸಾಲ ಮಾಡಿ ಕೊಳ್ಳುವವರು, ಆ ರೀಸೇಲ್‌ನ ಲಾಭವನ್ನು ಬ್ಯಾಂಕಿಗೆ ಕೊಡುತ್ತಿರುತ್ತಾರೆ. ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳ ಮೇಲಿನ ತೆರಿಗೆ 50%ರಿಂದ 40%ಗೆ ಇಳಿದು, ಹೊಸ ಫಾರ್ಚುನರ್ ಬೆಲೆ 3.49 ಲಕ್ಷದವರೆಗೆ ತಗ್ಗಿತು. ಎರಡು ಮೂರು ವರ್ಷದ ಹಳೆಯ ಗಾಡಿಗೆ ಇನ್ನೂ ಹಿಂದಿನ ಬೆಲೆಯ ಗುಂಗಿನಲ್ಲಿರುವ ಮಾಲೀಕರಿಗೆ ಇದನ್ನು ನಯವಾಗಿ ನೆನಪಿಸಬಹುದು.

ಇನ್ಶೂರೆನ್ಸ್‌ನಲ್ಲಿ ಹಳೆಯ ಮಾಲೀಕನ ನೋ ಕ್ಲೈಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಅವನ ಜೊತೆ ಹೋಗುತ್ತದೆ. ಪಾಲಿಸಿಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿ ವ್ಯತ್ಯಾಸ ಕಟ್ಟಬೇಕು. ಅಪಾರ್ಟ್‌ಮೆಂಟ್‌ನಲ್ಲಿರುವವರು ಟೇಪ್ ಹಿಡಿದು ಅಳೆಯಲಿ: 4.8 ಮೀಟರ್ ಉದ್ದ, 1.85 ಮೀಟರ್ ಅಗಲ, ಎರಡು ಟನ್‌ಗಿಂತ ಹೆಚ್ಚು ತೂಕ, 1.83 ಮೀಟರ್ ಎತ್ತರ. ಒಂದರ ಮೇಲೊಂದು ಏರಿಸುವ ಮೆಕ್ಯಾನಿಕಲ್ ಪಾರ್ಕಿಂಗ್‌ನ ಹಲವು ತಟ್ಟೆಗಳಿಗೆ ಇದು ಒಗ್ಗುವುದಿಲ್ಲ. ಮೂರನೇ ಸಾಲಿನ ಸೀಟು ಪಕ್ಕಕ್ಕೆ ಮಡಚಿ ನೇತಾಡುವಂಥದ್ದು, ಡಿಕ್ಕಿಯ ಅಗಲ ತಿನ್ನುತ್ತದೆ. ಇಷ್ಟು ದುಡ್ಡಿನ ಗಾಡಿಯಲ್ಲಿ ಇದು ಸಣ್ಣತನ.

ಬದಲಿ ಏನಿದೆ? ಫೋರ್ಡ್ ಎಂಡೆವರ್ ಓಡಿಸಲು ಇದಕ್ಕಿಂತ ಹಿತ, ಸಸ್ಪೆನ್ಷನ್ ಮೆತ್ತಗೆ, ಅದೇ ವರ್ಷದ ಗಾಡಿ ಹಲವು ಲಕ್ಷ ಕಡಿಮೆ. ಆದರೆ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಕಂಪನಿ ಹೇಳಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಎಲೆಕ್ಟ್ರಿಕ್ ಸ್ಟೇರಿಂಗ್ ರ‍್ಯಾಕ್ ಕೆಟ್ಟರೆ ಬಿಲ್ಲೂ ದೊಡ್ಡದು, ಕಾಯುವುದೂ ದೊಡ್ಡದು. ಬೆಂಗಳೂರಿನಲ್ಲಿದ್ದು, ಮನೆಯಲ್ಲಿ ಇನ್ನೊಂದು ಕಾರಿದ್ದು, ನಂಬಿಕೆಯ ಮೆಕ್ಯಾನಿಕ್ ಇದ್ದರೆ 3.2 ಲೀಟರ್ ಎಂಡೆವರ್ ಒಳ್ಳೆಯ ವ್ಯಾಪಾರ. ಬೀದರ್, ರಾಯಚೂರಿನಲ್ಲಿ ಒಂದೇ ಗಾಡಿಯ ಮನೆಗೆ ಅಲ್ಲ. ಮಹೀಂದ್ರ ಆಲ್ಟುರಸ್ ಜಿ4 ಒಳಗಡೆ ಐಷಾರಾಮಿ, ಬೆಲೆಯೂ ಕುಸಿದಿದೆ. ಮಾರುವಾಗ ನಿಮ್ಮ ಕೈಯಲ್ಲೂ ಅಷ್ಟೇ ಕುಸಿಯುತ್ತದೆ.

ಕೊಂಡ ಮೊದಲ ತಿಂಗಳಿಗೆ ಒಂದೂವರೆ ಲಕ್ಷ ಬೇರೆ ಇಟ್ಟುಕೊಂಡೇ ಬೆಲೆ ಮಾತಾಡಿ. ಇಂಜಿನ್ ಆಯಿಲ್ ಫಿಲ್ಟರ್ ಸಮೇತ 7.5 ಲೀಟರ್ ಹಿಡಿಯುತ್ತದೆ. ಜೊತೆಗೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಗೇರ್ ಮತ್ತು ಡಿಫರೆನ್ಷಿಯಲ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲವನ್ನೂ ಒಂದೇ ಸಲ ಬದಲಿಸಿ ತಾರೀಕು ಬರೆದಿಡಿ. ಟೈರ್‌ನ ಪಕ್ಕದ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ. ಟೈರ್‌ನ ಗೆರೆ ಎಷ್ಟೇ ಆಳ ಇರಲಿ, ಆರು ವರ್ಷ ದಾಟಿದ ರಬ್ಬರಿನ ಮೇಲೆ ಎರಡು ಟನ್ ಗಾಡಿಯನ್ನು ಹೈವೇಯಲ್ಲಿ ಓಡಿಸಬಾರದು.

ಕೊನೆಗೆ ಕೊಡುಕೊಳ್ಳುವ ದಿನ. ಫ್ರೇಮ್ ಮೇಲೆ ಕೊರೆದ ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿಗೆ ಹೋಲಿಸಿ. ಟ್ರಾಫಿಕ್ ದಂಡ ಬಾಕಿ ಇದೆಯೇ ನೋಡಿ. ಇಂಥ ಗಾಡಿಗಳ ಮೇಲೆ ಐವತ್ತು ಅರವತ್ತು ಕೇಸ್ ಇರುವುದು ಹೊಸದೇನಲ್ಲ. ಹಳೆಯ ಫಾಸ್ಟ್ಯಾಗ್ ಕಿತ್ತು, ಅದರ ಖಾತೆಯನ್ನು ಮಾರುವವರಿಂದಲೇ ಮುಚ್ಚಿಸಿ. ಒಪ್ಪಂದದ ಕಾಗದದಲ್ಲಿ ಗಾಡಿ ಕೈಗೆ ಬಂದ ತಾರೀಕಿನ ಜೊತೆ ಗಂಟೆಯನ್ನೂ ಬರೆಸಿ, ಯಾಕೆಂದರೆ ಅವತ್ತು ಬೆಳಗ್ಗೆ ಕ್ಯಾಮೆರಾಗೆ ಸಿಕ್ಕ ಸಿಗ್ನಲ್ ಜಂಪ್ ಯಾರದು ಅಂತ ಆಮೇಲೆ ಜಗಳ ಬೇಡ. ಬೆಲೆಯಲ್ಲಿ 50 ಸಾವಿರ ಹಿಡಿದಿಟ್ಟುಕೊಂಡು, ಆರ್‌ಸಿ ನಿಮ್ಮ ಹೆಸರಿಗೆ ಬಂದ ಮೇಲೆ ಕೊಡುವುದಾಗಿ ಅದೇ ಕಾಗದದಲ್ಲಿ ಸಹಿ ಹಾಕಿಸಿ. ಇದಕ್ಕೆ ಒಪ್ಪದೆ ಮುನಿಸಿಕೊಳ್ಳುವವರ ಗಾಡಿ ಬಿಟ್ಟು ಮುಂದಿನದನ್ನು ನೋಡಿ. ಬಿಳಿ ಫಾರ್ಚುನರ್‌ಗೆ ಈ ರಾಜ್ಯದಲ್ಲಿ ಬರವಿಲ್ಲ.